ಶೀರ್ಷಿಕೆ ಬಿಟ್ಟದ್ದನ್ನು ಹೇಳುವ ಕೀವರ್ಡ್

ಸಂಶೋಧನಾ ಲೇಖನದ ಸಾರಾಂಶದ ಕೆಳಗೆ ನಾಲ್ಕೈದು ಕೀವರ್ಡ್‌ಗಳನ್ನು, ಅಂದರೆ ಲೇಖನವನ್ನು ಹುಡುಕಲು ನೆರವಾಗುವ ಪದಗಳನ್ನು, ಕೊಡಬೇಕೆಂದು ಬಹಳಷ್ಟು ಜರ್ನಲ್‌ಗಳು ಕೇಳುತ್ತವೆ. ಲೇಖನ ಕಳುಹಿಸುವ ಅವಸರದಲ್ಲಿ ಶೀರ್ಷಿಕೆಯ ಪದಗಳನ್ನೇ ಬಿಡಿಬಿಡಿಯಾಗಿ ಬರೆದು ಈ ಸಾಲನ್ನು ತುಂಬುವ ರೂಢಿಯಿದೆ. ಕೀವರ್ಡ್‌ಗಳು ಶೀರ್ಷಿಕೆಯೊಂದಿಗೆ ಎಷ್ಟು ಹೊಂದುತ್ತವೆ ಎಂದು ಅಳೆಯುವ ಅಧ್ಯಯನಗಳು ಗ್ರಂಥಾಲಯ ವಿಜ್ಞಾನದಲ್ಲಿ ನಡೆಯುತ್ತಲೇ ಇರುತ್ತವೆ. ಆದರೆ ಹೊಂದಿಕೆ ಹೆಚ್ಚಿದ ಮಾತ್ರಕ್ಕೆ ಕೀವರ್ಡ್ ಒಳ್ಳೆಯದೆಂದು ಹೇಳಲಾಗದು.

ಚಿತ್ರದುರ್ಗದ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದ ಲೇಖನವೊಂದಕ್ಕೆ ‘ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣ’ ಎಂಬ ಶೀರ್ಷಿಕೆ ಇದೆಯೆಂದು ಭಾವಿಸೋಣ. ಚಿತ್ರದುರ್ಗ, ಅಂತರ್ಜಲ, ಫ್ಲೋರೈಡ್ ಎಂಬ ಕೀವರ್ಡ್‌ಗಳು ಅದರೊಂದಿಗೆ ಪೂರ್ತಿಯಾಗಿ ಹೊಂದುತ್ತವೆ, ಆದರೆ ಹೊಸದೇನನ್ನೂ ಹೇಳುವುದಿಲ್ಲ. ಈ ಮೂರೂ ಪದಗಳನ್ನು ಹುಡುಕುಯಂತ್ರ ಆಗಲೇ ಶೀರ್ಷಿಕೆಯಲ್ಲಿ ಓದಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ಮಾಡುವ ಹಾನಿಯನ್ನು ಅಧ್ಯಯನ ಮಾಡುವ ವೈದ್ಯರು ‘ಫ್ಲೋರೋಸಿಸ್’ ಎಂದು ಹುಡುಕುತ್ತಾರೆ. ಖನಿಜಗಳಿಂದ ಫ್ಲೋರೈಡ್ ನೀರಿಗೆ ಸೇರುವ ಬಗೆಯನ್ನು ಶೋಧಿಸುವ ಭೂವಿಜ್ಞಾನಿಗಳು ‘ಗಟ್ಟಿಶಿಲೆ’ ಎಂದೋ ‘ಗ್ರಾನೈಟ್’ ಎಂದೋ ಹುಡುಕುತ್ತಾರೆ. ಈ ಇಬ್ಬರ ಕೈಗೂ ಲೇಖನ ಸಿಗಬೇಕಾದರೆ ಆ ಪದಗಳು ಕೀವರ್ಡ್ ಸಾಲಿನಲ್ಲಿರಬೇಕು. ಹೊಂದಿಕೆಯ ಅಂಕ ಆಗ ಕುಸಿಯುತ್ತದೆ. ಲೇಖನಕ್ಕೆ ಓದುಗರು ಮಾತ್ರ ಹೆಚ್ಚುತ್ತಾರೆ.

ಶೀರ್ಷಿಕೆಯ ಮೇಲೆ ಇಷ್ಟು ಭಾರ ಬಿದ್ದದ್ದಕ್ಕೆ ಒಂದು ಚರಿತ್ರೆಯಿದೆ. 1950ರ ದಶಕದ ಕೊನೆಯಲ್ಲಿ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಅವರು ಶೀರ್ಷಿಕೆಯ ಪ್ರತಿಯೊಂದು ಮುಖ್ಯ ಪದವನ್ನೂ ಅಕ್ಷರಕ್ರಮದಲ್ಲಿ ಜೋಡಿಸಿ, ಅದರ ಅಕ್ಕಪಕ್ಕದ ಪದಗಳೊಡನೆ ಮುದ್ರಿಸುವ ಸೂಚಿಯನ್ನು ಕಂಪ್ಯೂಟರಿನಿಂದ ಮಾಡಿಸಿದರು. ವೇಗವಾದ, ಅಗ್ಗದ ವಿಧಾನವಾದರೂ ಶೀರ್ಷಿಕೆ ಹೇಳದ್ದು ಅದರಲ್ಲಿ ಕಾಣುತ್ತಿರಲಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಲ್ಲಿ ಪ್ರಕಟಿಸಿದ ‘ಮೆಶ್’ ಪದಪಟ್ಟಿಯ ದಾರಿ ಬೇರೆ. ಅಲ್ಲಿ ಲೇಖಕ ಕ್ಯಾನ್ಸರ್ ಎಂದು ಬರೆದಿರಲಿ, ಟ್ಯೂಮರ್ ಎಂದು ಬರೆದಿರಲಿ, ಲೇಖನ ‘ನಿಯೋಪ್ಲಾಸಮ್ಸ್’ ಎಂಬ ಒಂದೇ ತಲೆಬರಹದಡಿ ಸೇರುತ್ತದೆ.

ಕೀವರ್ಡ್ ಆರಿಸುವವರಿಗೆ ನನ್ನ ದೃಷ್ಟಿಯಲ್ಲಿ ಇಂದಿಗೂ ಅತ್ಯುತ್ತಮ ನೆರವು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಚಿಂತನೆಯಿಂದ ಸಿಗುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಅವರು, ಯಾವುದೇ ವಿಷಯವನ್ನು ಅದರ ಮೂಲವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಿ ನೋಡಬಹುದೆಂದು ತೋರಿಸಿದರು. ಮೇಲಿನ ಶೀರ್ಷಿಕೆಯಲ್ಲಿ ಮೂಲವಸ್ತುವಾಗಿ ನೀರು, ದ್ರವ್ಯವಾಗಿ ಫ್ಲೋರೈಡ್, ದೇಶವಾಗಿ ಊರು ಇವೆ. ಪರೀಕ್ಷೆಯ ವಿಧಾನವಾಗಲಿ ಮಾದರಿ ಸಂಗ್ರಹಿಸಿದ ಕಾಲವಾಗಲಿ ಇಲ್ಲ. ಕೀವರ್ಡ್ ಹುಡುಕಬೇಕಾದದ್ದು ಆ ಖಾಲಿ ಜಾಗಗಳಲ್ಲಿ.

ಕನ್ನಡದ ಲೇಖನಗಳಲ್ಲಿ ಶೀರ್ಷಿಕೆ–ಕೀವರ್ಡ್ ಹೊಂದಿಕೆಯ ಅಳತೆಯೇ ಕಷ್ಟದ್ದು. ಇಂಗ್ಲಿಷಿನಲ್ಲಿ ‘ಆಫ್’, ‘ಇನ್’ ಮೊದಲಾದ ಪದಗಳು ಬಿಡಿಯಾಗಿರುವುದರಿಂದ ಅವನ್ನು ತೆಗೆದುಹಾಕಿ ಉಳಿದದ್ದನ್ನು ಹೋಲಿಸಬಹುದು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ನಾಮಪದಕ್ಕೇ ಅಂಟಿಕೊಳ್ಳುವುದರಿಂದ, ಅಕ್ಷರಶಃ ಹೋಲಿಸುವ ಯಂತ್ರಕ್ಕೆ ಶೀರ್ಷಿಕೆಯ ‘ಅಂತರ್ಜಲದಲ್ಲಿ’ ಎಂಬುದೂ ಕೀವರ್ಡಿನ ‘ಅಂತರ್ಜಲ’ ಎಂಬುದೂ ಬೇರೆ ಬೇರೆ ಪದಗಳಾಗುತ್ತವೆ. ಪ್ರತ್ಯಯವನ್ನು ಕಳಚಿ ಮೂಲಪದವನ್ನು ಗುರುತಿಸುವ ತಂತ್ರಾಂಶವಿಲ್ಲದೆ ಮಾಡಿದ ಕನ್ನಡದ ಲೆಕ್ಕಾಚಾರವನ್ನು ನಂಬುವಂತಿಲ್ಲ.

ಊರಿನ ಹೆಸರಿನಲ್ಲಿಯೂ ಎಚ್ಚರ ಬೇಕು. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಜಗಳೂರು ತಾಲ್ಲೂಕು ಅಲ್ಲಿಯವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಜಗಳೂರಿನ ಬರಗಾಲದ ಬಗ್ಗೆ ಅದಕ್ಕೆ ಮೊದಲು ಬರೆದ ಲೇಖನಗಳ ಶೀರ್ಷಿಕೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಹೆಸರಷ್ಟೇ ಇದ್ದರೆ, ಇಂದು ದಾವಣಗೆರೆ ಎಂದು ಹುಡುಕುವ ವಿದ್ಯಾರ್ಥಿಗೆ ಅವು ಸಿಗುವುದಿಲ್ಲ. ತಾಲ್ಲೂಕಿನ ಹೆಸರನ್ನೂ ಕೀವರ್ಡಾಗಿ ಕೊಟ್ಟಿದ್ದರೆ ಜಿಲ್ಲೆಯ ಗಡಿ ಬದಲಾದರೂ ಜಗಳೂರು ಎಂದು ಹುಡುಕಿದವರಿಗೆ ಅವು ಸಿಗುತ್ತವೆ.