ಹಿಮ ತೆಗೆದು ಮುಗಿಸಿದ ಮೇಲೆ ರಸ್ತೆಯ ಹಿಮ ತಳ್ಳುವ ಗಾಡಿ, ಅಂದ್ರೆ ಪ್ಲೋ, ಬಂದು ಮತ್ತೆ ಯಾಕೆ ದಾರಿ ಮುಚ್ಚುತ್ತೆ?

"ಬೆಳಗ್ಗೆ ಎದ್ದು ಒಂದು ಗಂಟೆ ಬೆನ್ನು ಬಗ್ಗಿಸಿ ಮನೆಯಿಂದ ರಸ್ತೆಗೆ ಕಾರು ಹೋಗುವ ಡ್ರೈವ್‌ವೇ ಹಿಮ ಎಲ್ಲಾ ತೆಗೆದೆ. ಒಳಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ನಗರಸಭೆಯ ಪ್ಲೋ ಬಂತು, ಡ್ರೈವ್‌ವೇ ಬಾಯಿಗೆ ದೊಡ್ಡ ದಿಬ್ಬ ಹಾಕಿ ಹೋಯ್ತು. ಸ್ವಲ್ಪ ಬ್ಲೇಡ್ ಎತ್ಕೊಂಡು ಹೋಗೋಕೆ ಆಗಲ್ವಾ ಅವರಿಗೆ?"

ಹಿಮ ಬೀಳುವ ಕಡೆ ಪ್ರತಿ ಚಳಿಗಾಲವೂ ಬರುವ ಪ್ರಶ್ನೆ ಇದು. ಸಿಟ್ಟು ಬರುವುದು ಸಹಜ. ಎರಡನೇ ಸಲ ಸಲಿಕೆ ಹಿಡಿದವರಿಗೇ ಆ ಕಷ್ಟ ಗೊತ್ತು. ಆದರೆ ಡ್ರೈವರ್ ಬೇಕಂತ ಹೀಗೆ ಮಾಡುವುದಿಲ್ಲ. ಪ್ಲೋ ಮುಂದಿನ ಬ್ಲೇಡ್ ಓರೆಯಾಗಿರುತ್ತದೆ, ಹಿಮವನ್ನು ಎತ್ತುವುದಿಲ್ಲ, ಪಕ್ಕಕ್ಕೆ ಉರುಳಿಸುತ್ತಾ ಹೋಗುತ್ತದೆ, ಹಾಗಾಗಿ ರಸ್ತೆಯ ಅಂಚಿನಲ್ಲಿ ಉದ್ದಕ್ಕೂ ಹೊಲದ ಬದುವಿನ ಹಾಗೆ ಒಂದು ಸಾಲು ಬೀಳುತ್ತದೆ. ನಿಮ್ಮ ಡ್ರೈವ್‌ವೇ ಆ ಸಾಲಿನ ನಡುವೆ ಇರುವ ಖಾಲಿ ಜಾಗ, ಅಷ್ಟೇ. ಅಲ್ಲಿ ತಡೆಯೋಕೆ ಏನೂ ಇಲ್ಲದ್ದರಿಂದ ಹಿಮ ಸಲೀಸಾಗಿ ಒಳಗೆ ನುಗ್ಗುತ್ತದೆ. ಮನೆ ಮನೆಗೂ ಬ್ಲೇಡ್ ಎತ್ತಿದರೆ ಹೊತ್ತು ತಂದ ಹಿಮ ರಸ್ತೆ ಮೇಲೇ ಗುಪ್ಪೆಯಾಗಿ ಉಳಿಯುತ್ತದೆ, ಹಿಂದೆ ಬರುವ ಕಾರು ಅದಕ್ಕೆ ಸಿಕ್ಕಿ ಜಾರುತ್ತದೆ.

ಆ ದಿಬ್ಬ ಅಷ್ಟೊಂದು ಭಾರ ಯಾಕೆ ಅಂತಲೂ ಕೇಳುತ್ತಾರೆ. ಆಗಷ್ಟೇ ಬಿದ್ದ ಒಣ ಹಿಮ ಘನ ಮೀಟರಿಗೆ 50ರಿಂದ 100 ಕಿಲೋ ಇರುತ್ತದೆ. ಪ್ಲೋ ಒತ್ತಿ ತಂದದ್ದು 400 ಕಿಲೋ ದಾಟಬಹುದು. ಬ್ಲೇಡಿಗೆ ಸಿಕ್ಕಿ ಪುಡಿಯಾದ ಹರಳುಗಳು ನಿಂತ ಮೇಲೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪ್ಲೋ ಹೋದ ಹತ್ತು ನಿಮಿಷಕ್ಕೆ ಸಲಿಕೆ ಒಳಗಿಳಿಯುತ್ತದೆ. ಮೂರು ಗಂಟೆ ಬಿಟ್ಟು ಹೋಗಿ ನೋಡಿ, ಟಣ್ ಅಂತ ಸದ್ದು ಮಾಡಿ ವಾಪಸ್ ಬರುತ್ತದೆ! ಆದ್ದರಿಂದ ಬೇಗ ತೆಗೆಯಿರಿ, ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಎದೆ ಹಿಡಿದ ಹಾಗಾದರೆ ದಯವಿಟ್ಟು ಅಲ್ಲೇ ನಿಲ್ಲಿಸಿ, ತಕ್ಷಣ ಸಹಾಯಕ್ಕೆ ಕರೆಯಿರಿ. ಭಾರದ ಹಿಮ ಎತ್ತುವಾಗ ಹೃದಯಾಘಾತ ಆಗುವುದು ನಿಜ.

ಈಗ ಉಪಾಯ. ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವ ದೇಶದಲ್ಲಿದ್ದರೆ, ಡ್ರೈವ್‌ವೇನಲ್ಲಿ ರಸ್ತೆ ಕಡೆ ಮುಖ ಮಾಡಿ ನಿಲ್ಲಿ. ಹತ್ತಿರದ ಲೇನಿನ ಪ್ಲೋ ನಿಮ್ಮ ಎಡಗಡೆಯಿಂದ ಬರುತ್ತದೆ. ಎಡಕ್ಕೆ, ಡ್ರೈವ್‌ವೇ ಶುರುವಾಗುವ ಮೊದಲೇ, ರಸ್ತೆ ಅಂಚಿನಲ್ಲಿ ಎರಡು ಮೂರು ಮೀಟರ್ ಉದ್ದಕ್ಕೆ ಹಿಮ ತೆಗೆದು ಒಂದು ಖಾಲಿ ಜಾಗ ಮಾಡಿ. ಪ್ಲೋ ಹೊತ್ತು ತಂದದ್ದರಲ್ಲಿ ಜಾಸ್ತಿ ಪಾಲು ಅಲ್ಲೇ ಬಿದ್ದುಬಿಡುತ್ತದೆ, ನಿಮ್ಮ ಡ್ರೈವ್‌ವೇ ಬಾಯಿಗೆ ಬರುವುದು ಕಮ್ಮಿ. ತೆಗೆದ ಹಿಮವನ್ನೆಲ್ಲ ಬಲಗಡೆಗೇ ಹಾಕಿ. ಎಡಗಡೆ ಹಾಕಿದರೆ ಪ್ಲೋ ಅದನ್ನೇ ಎಳೆದು ತಂದು ನಿಮಗೇ ಕೊಡುತ್ತದೆ. ಜಪಾನ್, ಬ್ರಿಟನ್ ಕಡೆ ಎಡಬದಿ ಸಂಚಾರ, ಅಲ್ಲಿ ಇದು ಪೂರ್ತಿ ತಿರುವುಮುರುವು. ಸುಮ್ನೆ ರಸ್ತೆಗೆ ಎಸೆಯುವ ಕೆಲಸ ಮಾತ್ರ ಬೇಡ, ಹೆಚ್ಚಿನ ಊರುಗಳಲ್ಲಿ ಅದಕ್ಕೆ ದಂಡ ಇದೆ.

ಕೆಲವು ನಗರಗಳು ಈ ಬದುವನ್ನೂ ತೆಗೆಸುತ್ತವೆ. ಟೊರೊಂಟೊದಲ್ಲಿ ಯಂತ್ರ ಹೋಗಲು ಜಾಗವಿರುವ ಬೀದಿಗಳಲ್ಲಿ ಕಾರು ದಾಟುವಷ್ಟು ಕಿಂಡಿ ಮಾಡಿಕೊಡುತ್ತಾರೆ. ಮಾಂಟ್ರಿಯಲ್‌ನಲ್ಲಿ ಪಕ್ಕಕ್ಕೆ ತಳ್ಳಿ ಸುಮ್ಮನಾಗದೆ, ಹಿಮವನ್ನು ಲಾರಿಗೆ ತುಂಬಿ ಹೊರಗೆ ಸಾಗಿಸುತ್ತಾರೆ. ಹಿಮ ಹೀರಿ ದೂರಕ್ಕೆ ಉಗುಳುವ ಯಂತ್ರವನ್ನು ಕ್ವಿಬೆಕ್‌ನ ಆರ್ಥರ್ ಸಿಕಾರ್ 1925ರಲ್ಲಿ ಕಟ್ಟಿದ. 1927ರಲ್ಲಿ ಅದನ್ನು ಮೊದಲು ಕೊಂಡದ್ದು ಮಾಂಟ್ರಿಯಲ್ ಪಕ್ಕದ ಊಟ್ರಮೋಂ ಪಟ್ಟಣ.

ನಿಮ್ಮ ಬೀದಿಗೆ ಪ್ಲೋ ತಡವಾಗಿ ಬರುವುದಕ್ಕೂ ಕಾರಣ ಇದೆ. ಆಸ್ಪತ್ರೆ ದಾರಿ, ಬಸ್ ದಾರಿ, ದೊಡ್ಡ ರಸ್ತೆ ಮೊದಲು, ಮನೆಗಳ ಬೀದಿ ಕೊನೆಗೆ. ಬಿರುಗಾಳಿ ನಿಲ್ಲದಿದ್ದರೆ ದೊಡ್ಡ ರಸ್ತೆಗೇ ಮತ್ತೆ ಮತ್ತೆ ಹೋಗಬೇಕು. ಉಪ್ಪು ಹಾಕಿದರೆ ಎಲ್ಲಾ ಕರಗುತ್ತದೆ ಅಂದುಕೊಳ್ಳಬೇಡಿ. ರಸ್ತೆ ಮೈ ಮೈನಸ್ 10 ಡಿಗ್ರಿಗಿಂತ ತಣ್ಣಗಾದರೆ ಮಾಮೂಲಿ ಉಪ್ಪಿನ ಕೆಲಸ ತುಂಬಾ ನಿಧಾನ, ಆಗ ಮರಳು ಹಾಕುತ್ತಾರೆ. ಮರಳು ಕರಗಿಸುವುದಿಲ್ಲ, ಹಿಡಿತ ಕೊಡುತ್ತದೆ.

ನನಗೆ ನಿಜವಾಗಿ ಬೇಜಾರಾಗುವುದು ಫುಟ್‌ಪಾತ್ ವಿಷಯಕ್ಕೆ. ಕಾರಿನವರು ದಿಬ್ಬದ ಮೇಲೆ ಹೇಗೋ ಹತ್ತಿಸಿಕೊಂಡು ಹೋಗುತ್ತಾರೆ. ನಡೆಯುವವರು, ಮಗುವಿನ ಗಾಡಿ ತಳ್ಳುವವರು, ಗಾಲಿಕುರ್ಚಿಯವರು ಏನು ಮಾಡಬೇಕು? ಸ್ವೀಡನ್ನಿನ ಕಾರ್ಲ್‌ಸ್ಕೂಗ ಊರಿನವರು ಇದನ್ನು ಕೂತು ಯೋಚಿಸಿ ಸರದಿಯನ್ನೇ ಬದಲಾಯಿಸಿದರು, ಕಾಲುದಾರಿ, ಸೈಕಲ್ ದಾರಿಗಳಿಗೆ ಮೊದಲ ಜಾಗ ಕೊಟ್ಟರು. ಎಲ್ಲಾ ಕಡೆಯೂ ಹೀಗೇ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ತುಂಬಾ ಊರುಗಳಲ್ಲಿ ಮನೆ ಮುಂದಿನ ಫುಟ್‌ಪಾತ್ ತೆಗೆಯುವುದು ಮನೆಯವರದ್ದೇ ಹೊಣೆ, ನಿಮ್ಮ ಊರಿನ ನಿಯಮ ಒಮ್ಮೆ ನೋಡಿಕೊಳ್ಳಿ. ಮನೆ ಮೂಲೆಯಲ್ಲಿದ್ದರೆ, ಫುಟ್‌ಪಾತ್ ರಸ್ತೆಗೆ ಇಳಿಯುವ ಆ ಇಳಿಜಾರನ್ನು ಮರೆಯಬೇಡಿ, ಪ್ಲೋ ಹಾಕಿದ ಬದು ಸರಿಯಾಗಿ ಅಲ್ಲೇ ಬಿದ್ದಿರುತ್ತದೆ. ಒಂದು ಸಲಿಕೆ ಅಗಲ ಸಾಲದು. ಗಾಲಿಕುರ್ಚಿ ದಾಟಲು ಕಮ್ಮಿ ಅಂದ್ರೂ 90 ಸೆಂಟಿಮೀಟರ್ ಬೇಕು, ಅದೂ ನೆಲ ಕಾಣುವ ತನಕ.