‘ವಲಸಿಗ ಮಗು’, ‘ವಲಸಿಗರ ಮಗು’: ಬಿಟ್ಟುಹೋಗ್ತಾ ಇರೋ ಒಂದು ‘ರ’

ಮೊನ್ನೆ ಇನ್ನೊಂದು ಲೇಖನ ಓದಿದೆ. ಬೇರೆ ದೇಶದಲ್ಲೇ ಹುಟ್ಟಿ, ಅಲ್ಲೇ ಸ್ಕೂಲಿಗೆ ಹೋಗಿ, ಈಗ ಹದಿನಾಲ್ಕು ವರ್ಷ ಆಗಿರೋ ಒಬ್ಬ ಹುಡುಗಿ ಬಗ್ಗೆ. ಬರೆದವರು ಮೊದಲ ಸಾಲಿಂದ ಕೊನೇವರೆಗೂ ಅವಳನ್ನ ‘ವಲಸಿಗ ಬಾಲಕಿ’ ಅಂತಲೇ ಕರೆದಿದಾರೆ. ಆ ಹುಡುಗಿ ಹುಟ್ಟಿದ ಊರು ಬಿಟ್ಟು ಎಲ್ಲೂ ಹೋಗಿಲ್ಲ, ವಲಸೆ ಹೋಗಿದ್ದು ಅವಳ ಅಪ್ಪ ಅಮ್ಮ. ಇದೇ ತಪ್ಪನ್ನ ಪೇಪರಲ್ಲಿ, ಭಾಷಣದಲ್ಲಿ, ಅನುವಾದ ಆಗಿ ಬರೋ ವರದಿಗಳಲ್ಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಇನ್ನು ಸುಮ್ಮನಿರೋಕೆ ಆಗಲ್ಲ ಅನ್ನಿಸಿ ಕೂತು ಬರೀತಿದೀನಿ.

ಪದದಿಂದಲೇ ಶುರು ಮಾಡ್ತೀನಿ. ‘ವಲಸೆ’ ನಮ್ಮದೇ ಪದ, ತೆಲುಗಲ್ಲಿ ವಲಸ, ತಮಿಳಲ್ಲಿ ವಲಸೈ ಅಂತ ಇದೆ. ಹಳೇ ನಿಘಂಟುಗಳು ಕೊಡೋ ಅರ್ಥ ಓದಿದ್ರೆ ಮೈ ಜುಂ ಅನ್ನುತ್ತೆ: ಶತ್ರು ಸೈನ್ಯ ಬರ್ತಿದೆ ಅನ್ನೋ ಭಯಕ್ಕೆ ಮನೆ ಬಿಟ್ಟು ಹೋಗೋದು. ಈಗ ಕೆಲಸಕ್ಕೆ ಹೋದ್ರೂ ವಲಸೆ, ಓದೋಕೆ ಹೋಗಿ ಅಲ್ಲೇ ನಿಂತ್ರೂ ವಲಸೆ, ಚಳಿಗಾಲಕ್ಕೆ ಹಕ್ಕಿ ಹಾರಿಹೋದ್ರೂ ವಲಸೆ. ಅರ್ಥ ಮೆತ್ತಗಾಗಿದೆ ನಿಜ, ಆದ್ರೆ ಒಂದು ವಿಷಯ ಹಾಗೇ ಉಳಿದಿದೆ, ವಲಸೆ ಅನ್ನೋದು ಯಾರೋ ಒಬ್ಬರು ಮಾಡಿದ ಕೆಲಸ. ಅದಕ್ಕೊಂದು ದಿನ ಇರುತ್ತೆ. ಬೀಗ ಹಾಕಿದ ಬಾಗಿಲು ಇರುತ್ತೆ, ಏನು ಒಯ್ಯೋದು ಏನು ಬಿಡೋದು ಅಂತ ರಾತ್ರಿಯೆಲ್ಲ ಕೂತು ತುಂಬಿದ ಪೆಟ್ಟಿಗೆ ಇರುತ್ತೆ.

ಅದಕ್ಕೆ ‘ಇಗ’ ಸೇರಿಸಿದ್ರೆ ವಲಸಿಗ. ತದ್ಧಿತಾಂತ ಓದಿದ್ದು ನೆನಪಿದ್ದೋರಿಗೆ ಈ ‘ಇಗ’ ಗೊತ್ತಿರುತ್ತೆ, ಲೆಕ್ಕ ಬರೆಯೋನು ಲೆಕ್ಕಿಗ, ಗಾಣ ಆಡಿಸೋನು ಗಾಣಿಗ. ಆದ್ರೆ ಕನ್ನಡಿಗ ಅನ್ನೋದ್ರಲ್ಲೂ ಇದೇ ‘ಇಗ’ ಇದೆ, ಅಲ್ಲಿ ಕನ್ನಡ ಅನ್ನೋದು ಮಾಡೋ ಕೆಲಸ ಆಗಿರಲ್ಲ, ಸೇರಿದ ಕಡೆ ಆಗಿರುತ್ತೆ. ಅಂದ್ರೆ ಒಂದೇ ಪ್ರತ್ಯಯಕ್ಕೆ ಎರಡು ದಾರಿ, ಒಂದು ಮಾಡಿದ್ದನ್ನ ಹೇಳುತ್ತೆ, ಇನ್ನೊಂದು ಹುಟ್ಟನ್ನ ಹೇಳುತ್ತೆ. ಗಾಣಿಗ ಮೊದಲನೇ ದಾರೀಲಿ ಶುರುವಾಗಿ ಎರಡನೇದಕ್ಕೆ ಬಂದು ಸೇರ್ಕೊಂಡಿದ್ದು ನಮಗೆಲ್ಲ ಗೊತ್ತು, ಜೀವನದಲ್ಲಿ ಗಾಣ ನೋಡದೇ ಇರೋರೂ ಗಾಣಿಗರು. ವಲಸಿಗ ಅನ್ನೋ ಪದಕ್ಕೂ ಈಗ ನಮ್ಮ ಕಣ್ಣೆದುರೇ ಅದೇ ಆಗ್ತಾ ಇದೆ. ಅಪ್ಪ ಅಮ್ಮ ಮಾಡಿದ ಒಂದು ಪ್ರಯಾಣ ಮಗುವಿನ ಹುಟ್ಟುಗುರುತಾಗಿ ಅಂಟ್ಕೊಳ್ತಾ ಇದೆ. ನನಗೆ ತಡೆಯೋಕಾಗದೇ ಇರೋದು ಇದು, ಬರೀ ವ್ಯಾಕರಣದ ತಪ್ಪಾಗಿದ್ರೆ ಇಷ್ಟು ಬರೀತಿರಲಿಲ್ಲ.

ಒಂದು ‘ರ’ ಹಾಕಿದ್ರೆ ಸರಿಹೋಗುತ್ತೆ. ವಲಸಿಗರ ಮಗು. ಮಾತಾಡುವಾಗ ಆ ‘ರ’ ನಾಲಿಗೆಯಿಂದ ಜಾರೋದು ಸಹಜ, ಬರೆಯುವಾಗ ಜಾರಬಾರದು. ಹೆಡ್‌ಲೈನಲ್ಲಿ ಜಾಗ ಸಾಲಲ್ಲ ಅಂತ ‘ವಲಸೆ ಮಕ್ಕಳು’ ಅಂತ ಹಾಕ್ತಾರಲ್ಲ ಅದಂತೂ ಇನ್ನೂ ಕೆಟ್ಟದು, ಅದು ಕಿವಿಗೆ ವಲಸೆ ಹಕ್ಕಿ ಥರ ಬೀಳುತ್ತೆ, ಹಕ್ಕಿಗಾದ್ರೆ ಕಾಲ ಬದಲಾದ ಕೂಡಲೇ ವಾಪಸ್ ಹೋಗೋ ಜಾಗ ಇರುತ್ತೆ, ಈ ಮಗು ಎಲ್ಲಿಗೆ ವಾಪಸ್ ಹೋಗ್ಬೇಕು?

ವಿಶ್ವಸಂಸ್ಥೆ ಲೆಕ್ಕ ಇಡೋದೂ ಹೀಗೇ, ತಾನಿದ್ದ ದೇಶ ಬಿಟ್ಟು ಬೇರೆ ದೇಶದಲ್ಲಿ ವಾಸ ಮಾಡೋನು ವಲಸಿಗ. 2020ಕ್ಕೆ ಅವರು ಕೊಟ್ಟ ಅಂದಾಜು 28.1 ಕೋಟಿ ಜನ, ಅದು ಮುಖ್ಯವಾಗಿ ಹುಟ್ಟಿದ ದೇಶ ನೋಡಿ ಹಾಕಿದ ಲೆಕ್ಕ, ಹಾಗಾಗಿ ಹೋದ ದೇಶದಲ್ಲೇ ಹುಟ್ಟಿದ ಮಕ್ಕಳು ಅದರೊಳಗೆ ಬರಲ್ಲ. ಜರ್ಮನಿಯವರು 2005ರಲ್ಲಿ ಬೇರೆ ದಾರಿ ಹಿಡಿದ್ರು, ತಮ್ಮ ಅಂಕಿಅಂಶದಲ್ಲಿ ‘ವಲಸೆ ಹಿನ್ನೆಲೆ’ ಅಂತ ಒಂದು ವರ್ಗ ಮಾಡಿ ಅಲ್ಲೇ ಹುಟ್ಟಿದ ಮಕ್ಕಳನ್ನೂ ಅದಕ್ಕೆ ಸೇರಿಸಿದ್ರು. ಅದರ ಬಗ್ಗೆ ಅಲ್ಲೇ ಸಾಕಷ್ಟು ತಕರಾರಿದೆ, ಆದ್ರೂ ‘ಹಿನ್ನೆಲೆ’ ಅನ್ನೋ ಒಂದು ಮಾತಾದ್ರೂ ಇಟ್ಟಿದ್ರು. ನಾವು ಅದನ್ನೂ ಇಡಲ್ಲ.

ಹಾಗಾದ್ರೆ ‘ವಲಸಿಗ ಮಗು’ ಅನ್ನೋದು ಯಾವಾಗಲೂ ತಪ್ಪಾ? ಇಲ್ಲ. ಏಳು ವರ್ಷಕ್ಕೆ ಅಪ್ಪ ಅಮ್ಮನ ಕೈ ಹಿಡ್ಕೊಂಡು ಹೋದ ಮಗು ನಿಜವಾಗ್ಲೂ ವಲಸಿಗ ಮಗು. ಹೋಗೋ ನಿರ್ಧಾರ ಅದರದ್ದಲ್ಲ ಅಷ್ಟೇ, ಪ್ರಯಾಣ ಅದರದ್ದೇ, ಬಿಟ್ಟುಬಂದ ಗೆಳೆಯರು ಅದರವರೇ. ಈ ಮಕ್ಕಳಿಗೆ ಸಮಾಜಶಾಸ್ತ್ರದಲ್ಲಿ ಚೆಂದದ ಒಂದು ಹೆಸರಿದೆ, ಒಂದೂವರೆ ತಲೆಮಾರು, ಅಂದ್ರೆ ದೊಡ್ಡವರಾಗಿ ಹೋದ ಮೊದಲನೇ ತಲೆಮಾರಿಗೂ ಅಲ್ಲೇ ಹುಟ್ಟಿದ ಎರಡನೇದಕ್ಕೂ ನಡುವಿನವರು. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರೂಬೆನ್ ರುಂಬೌಟ್ ಅನ್ನೋ ವಿದ್ವಾಂಸರು ಇದನ್ನ ಬಳಕೆಗೆ ತಂದ್ರು, ಆಮೇಲೆ ಅವರೇ 2004ರಲ್ಲಿ ಇನ್ನೂ ಸಣ್ಣದಾಗಿ ಬಿಡಿಸಿದ್ರು: 13ರಿಂದ 17ನೇ ವಯಸ್ಸಲ್ಲಿ ಹೋದವರು ಒಂದೂಕಾಲು, 6ರಿಂದ 12ರಲ್ಲಿ ಹೋದವರು ಒಂದೂವರೆ, 5 ತುಂಬೋದ್ರೊಳಗೆ ಅಥವಾ ಐದರಲ್ಲೇ ಹೋದವರು ಒಂದೂಮುಕ್ಕಾಲು. ನನಗಂತೂ ಇದು ಕನ್ನಡದಲ್ಲಿ ಹೇಳಿದಾಗಲೇ ಇನ್ನೂ ಸರಿಯಾಗಿ ಕೂರುತ್ತೆ, ಕಾಲು ಅರೆ ಮುಕ್ಕಾಲು ನಮ್ಮ ಬಾಯಲ್ಲಿ ಆಡೋ ಮಾತು. ವಯಸ್ಸು ಯಾಕೆ ಇಷ್ಟು ಮುಖ್ಯ ಅಂದ್ರೆ ಹದಿನಾರಕ್ಕೆ ಹೋದವನು ಓದು ಬರಹ ಎಲ್ಲ ಒಂದು ಭಾಷೇಲಿ ಮುಗಿಸಿ ಹೋಗಿರ್ತಾನೆ, ಎಂಟಕ್ಕೆ ಹೋದವಳು ಅಕ್ಷರ ಕಲಿತು ವಾಕ್ಯ ಕಟ್ಟೋದ್ರಲ್ಲಿ ಇರ್ತಾಳೆ, ಮೂರಕ್ಕೆ ಹೋದ ಮಗೂಗೆ ಬಿಟ್ಟುಬಂದ ಮನೆ ಫೋಟೋದಲ್ಲಿ ಮಾತ್ರ ಗೊತ್ತು. ಒಂದೇ ಮನೆಯ ಅಣ್ಣ ತಂಗಿ ಬೇರೆ ಬೇರೆ ತಲೆಮಾರಿಗೆ ಸೇರಬಹುದು.

ತಲೆಮಾರು ಎಣಿಸೋದ್ರಲ್ಲೂ ಗೊಂದಲ ಇದೆ. ಹೋದವರೇ ಮೊದಲನೆಯವರು, ಅಲ್ಲಿ ಹುಟ್ಟಿದವರು ಎರಡನೆಯವರು. ಜಪಾನಿನಿಂದ ವಲಸೆ ಹೋದವರು ಇದನ್ನ ಸ್ಪಷ್ಟವಾಗಿ ಇಟ್ಕೊಂಡಿದಾರೆ, ಹೋದವರು ಇಸ್ಸೇ, ಅವರ ಮಕ್ಕಳು ನಿಸೇ, ಮೊಮ್ಮಕ್ಕಳು ಸಾನ್ಸೇ, ‘ಸೇ’ ಅಂದ್ರೆ ತಲೆಮಾರು, ಅದರ ಮುಂದೆ ಒಂದು ಎರಡು ಮೂರು. ನಮ್ಮಲ್ಲಿ ‘ಎರಡನೇ ತಲೆಮಾರಿನ ವಲಸಿಗ’ ಅಂತ ಬರೀತಾರೆ, ಇಂಗ್ಲಿಷಲ್ಲಿ ಹಾಗೆ ಇದೆಯಲ್ಲ ಅಂತಾರೆ, ಇರಲಿ, ಅಲ್ಲೂ ತಪ್ಪೇ. ಎರಡನೇ ತಲೆಮಾರು ಅಂದ್ರೆ ಸಾಕು.

‘ಥರ್ಡ್ ಕಲ್ಚರ್ ಕಿಡ್’ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದನ್ನ ಈಗ ಎಲ್ಲರಿಗೂ ಅಂಟಿಸ್ತಾರೆ. 1950ರ ದಶಕದಲ್ಲಿ ರೂತ್ ಹಿಲ್ ಯೂಸಿಮ್ ಅನ್ನೋ ಅಮೆರಿಕದ ವಿದ್ವಾಂಸೆ ಭಾರತದಲ್ಲಿ ಕೆಲಸಕ್ಕೆ ಅಂತ ಬಂದಿದ್ದ ಅಮೆರಿಕನ್ ಕುಟುಂಬಗಳನ್ನ ಅಧ್ಯಯನ ಮಾಡುವಾಗ ಹುಟ್ಟಿದ ಪದ ಅದು. ರಾಯಭಾರಿ, ಸೈನ್ಯ, ಮಿಷನರಿ, ಕಂಪನಿ ಇಂಥ ಕೆಲಸದಲ್ಲಿ ಇರೋರ ಮಕ್ಕಳು, ಒಂದಿನ ವಾಪಸ್ ಹೋಗೇ ಹೋಗ್ತಾರೆ ಅನ್ನೋ ಲೆಕ್ಕದಲ್ಲಿ ಬೆಳೆಯೋರು. ನೆಲೆ ನಿಲ್ಲೋಕೆ ಹೋದವರ ಮಕ್ಕಳ ಕಥೆ ಬೇರೆ, ಆ ಮನೇಲಿ ವಾಪಸ್ ಟಿಕೆಟ್ ಇರಲ್ಲ.

ಹಾಗಂತ ಈ ಮಕ್ಕಳಿಗೆ ಎರಡು ಸಂಸ್ಕೃತಿ ನಡುವಿನ ಭಾರ ಇಲ್ಲ ಅಂತ ನಾನು ಹೇಳ್ತಿಲ್ಲ. ಒಂದು ಆಸ್ಪತ್ರೇಲಿ ನಾನೇ ನೋಡಿದ್ದು, ಒಂಬತ್ತು ಹತ್ತು ವರ್ಷದ ಹುಡುಗ, ಪಕ್ಕದಲ್ಲಿ ಅಮ್ಮ. ಡಾಕ್ಟರ್ ಹೇಳಿದ್ದನ್ನ ಅವನು ಅಮ್ಮನ ಮಾತಲ್ಲಿ ಹೇಳ್ಬೇಕು. ನೋವು, ಜ್ವರ, ಮಾತ್ರೆ ಅಲ್ಲೀವರೆಗೂ ಪಟಪಟ ಬಂತು, ಡಾಕ್ಟರ್ ಲಿವರ್ ಅಂದ ಕೂಡಲೇ ನಿಂತ. ಮನೆಮಾತಲ್ಲಿ ಅದಕ್ಕೇನಂತಾರೆ ಅವನಿಗೆ ಯಾರೂ ಯಾವತ್ತೂ ಹೇಳಿಲ್ಲ, ಬಾ, ಕೂತ್ಕೋ, ಮಲಗು, ಓದ್ಕೋ ಇಷ್ಟಕ್ಕೇ ಆ ಭಾಷೆ ಅವನಿಗೆ ಸಿಕ್ಕಿರೋದು. ಅಮ್ಮನ ಕೈ ತಗೊಂಡು ತನ್ನ ಹೊಟ್ಟೆ ಬಲಗಡೆ ಇಟ್ಟು “ಇಲ್ಲಿ ಒಳಗಡೆ ಇರೋದು, ಅದು ಊದಿದೆ ಅಂತೆ” ಅಂದ. ಅಮ್ಮ ಆ ಕೈ ತೆಗೀಲೇ ಇಲ್ಲ ಎಷ್ಟೋ ಹೊತ್ತು. ಇದಕ್ಕೂ ಒಂದು ಹೆಸರಿದೆ, ಲ್ಯಾಂಗ್ವೇಜ್ ಬ್ರೋಕರಿಂಗ್ ಅಂತಾರೆ, ನಾನು ದುಭಾಷಿ ಮಗು ಅಂತೀನಿ, ದಲ್ಲಾಳಿ ಅನ್ನೋ ವಾಸನೆ ಅದಕ್ಕೆ ಬೇಡ.

ಕೊನೇದಾಗಿ ತ್ರಿಶಂಕು. ಈ ಮಕ್ಕಳ ಬಗ್ಗೆ ಬರೆಯೋ ಹತ್ತರಲ್ಲಿ ಎಂಟು ಜನ ‘ತ್ರಿಶಂಕು ಸ್ಥಿತಿ’ ಅಂತ ಬರೀದೇ ಬಿಡಲ್ಲ. ಕಥೆ ನೆನಪು ಮಾಡ್ಕೊಳ್ಳಿ. ಈ ದೇಹದಲ್ಲೇ ಸ್ವರ್ಗಕ್ಕೆ ಹೋಗ್ಬೇಕು ಅಂತ ಆಸೆ ಪಟ್ಟವನು ತ್ರಿಶಂಕುವೇ, ವಸಿಷ್ಠರು ಆಗಲ್ಲ ಅಂದ್ರೂ ಬಿಡದೇ ವಿಶ್ವಾಮಿತ್ರರ ಹತ್ರ ಹೋದವನೂ ಅವನೇ. ಮಗು ಯಾವ ಸ್ವರ್ಗ ಕೇಳಿತ್ತು? ಹೋಲಿಸಲೇಬೇಕು ಅಂದ್ರೆ ತ್ರಿಶಂಕು ಅಪ್ಪ ಅಮ್ಮ, ಮಗು ಅಲ್ಲ. ಇನ್ನೊಂದು, ಕಥೆ ನೇತಾಡೋದ್ರಲ್ಲಿ ಮುಗಿಯಲ್ಲ, ವಿಶ್ವಾಮಿತ್ರರು ದಕ್ಷಿಣದ ಆಕಾಶದಲ್ಲಿ ಹೊಸ ಸಪ್ತರ್ಷಿಗಳನ್ನ, ಹೊಸ ನಕ್ಷತ್ರಗಳನ್ನ ಸೃಷ್ಟಿ ಮಾಡ್ತಾರೆ, ಅವು ಹಾಗೇ ಇರಲಿ ಅಂತ ದೇವತೆಗಳೂ ಒಪ್ಕೊಳ್ತಾರೆ. ಆ ನಕ್ಷತ್ರಗಳ ಕೆಳಗೆ ಹುಟ್ಟಿದವರಿಗೆ ಅದೇ ಆಕಾಶ. 13 ದೇಶಗಳಲ್ಲಿ ವಲಸೆ ಹೋದ ಮನೆಗಳ 5 ಸಾವಿರಕ್ಕೂ ಹೆಚ್ಚು ಹದಿಹರೆಯದ ಮಕ್ಕಳನ್ನ ಕೇಳಿ ಜಾನ್ ಬೆರ್ರಿ ಅನ್ನೋ ಮನಃಶಾಸ್ತ್ರಜ್ಞರು ಮತ್ತವರ ಜೊತೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಎರಡೂ ಕಡೆಯ ಸಂಸ್ಕೃತಿಯನ್ನ ಇಟ್ಕೊಂಡವರದ್ದು, ಮನಸ್ಸಿನ ನೆಮ್ಮದಿ ಸ್ಕೂಲು ಎಲ್ಲದರಲ್ಲೂ ಚೆನ್ನಾಗಿದ್ದವರೂ ಅವರೇ. ಆ ಅಧ್ಯಯನದಲ್ಲಿ ಅಲ್ಲೇ ಹುಟ್ಟಿದವರೂ ಇದ್ರು, ಚಿಕ್ಕವರಿದ್ದಾಗ ಹೋದವರೂ ಇದ್ರು. ನೇತಾಡ್ತಿದಾರೆ ಅಂತ ದೂರದಿಂದ ನೋಡಿ ಹೇಳೋರು ನಾವು.

ಈ ಮಕ್ಕಳನ್ನ ನೆಂಟರು ಕೇಳೋ ಮೊದಲ ಪ್ರಶ್ನೆ “ಯಾವಾಗ ಬಂದೆ?”, ಎರಡನೇದು “ಯಾವಾಗ ಹೋಗ್ತೀಯ?”. ಹುಟ್ಟಿದ ಊರಲ್ಲಿ ಅಪರಿಚಿತರು ಕೇಳೋದೂ ಹೆಚ್ಚುಕಮ್ಮಿ ಇದೇ. ಅದರ ಮೇಲೆ ನಾವು ಬರೆಯುವಾಗಲೂ ವಲಸಿಗ ಅಂತ ಬರೆದ್ರೆ ಅದೇ ಪ್ರಶ್ನೆಯನ್ನ ಮೂರನೇ ಸಲ ಕೇಳಿದ ಹಾಗೆ. ತಾನೇ ಹೋದ ಮಗು ಆದ್ರೆ ವಲಸಿಗ ಮಗು ಅನ್ನಿ, ಅಲ್ಲೇ ಹುಟ್ಟಿದ್ರೆ ವಲಸಿಗರ ಮಗು ಅನ್ನಿ. ಇನ್ನು ‘ವಲಸಿಗರ ಮೊಮ್ಮಗು’ ಅಂತ ಮುಂದಕ್ಕೂ ಎಳೆಯೋರಿದಾರೆ, ಅದೊಂದು ದಯವಿಟ್ಟು ಬೇಡ, ಆ ಮಗುವಿನ ಅಪ್ಪ ಅಮ್ಮನೂ ಅಲ್ಲೇ ಹುಟ್ಟಿದವರು, ಆ ಊರಿನ ಹೆಸರು ಹಿಡಿದೇ ಕರೀರಿ.