‘ಡ್ರಮ್ಮರ್ ಲಯ ತಪ್ಪಿದ್ದಾನೆ’ ಎಂದು ಬರೆಯುವ ಮೊದಲು

ಹಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಹೊಸ ಪ್ರೊಗ್ರೆಸಿವ್ ಮೆಟಲ್ (ತಾಳ ಆಗಾಗ ಬದಲಾಗುವ, ಉದ್ದುದ್ದ ಹಾಡುಗಳ ಜೋರು ರಾಕ್) ಬ್ಯಾಂಡ್‌ನ ಆಲ್ಬಮ್ ವಿಮರ್ಶೆ ಮಾಡಿದ್ದೆ. ಅದರಲ್ಲಿ ‘ಮೂರನೇ ಹಾಡಿನ ನಡುವೆ ಡ್ರಮ್ಮರ್ ಲಯ ತಪ್ಪುತ್ತಾನೆ’ ಅಂತ ಒಂದು ಸಾಲು ಬರೆದೆ. ಆಲ್ಬಮ್ ಕೇಳಿದ್ದು ಎರಡೇ ಸಲ. ಎರಡೂ ಸಲ ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ವಿಮರ್ಶೆ ಬಂದ ಎರಡು ದಿನಕ್ಕೆ ಆ ಹುಡುಗ ಫೋನ್ ಮಾಡಿದ. ಜಗಳಕ್ಕಲ್ಲ. ‘ಸಾರ್, ಒಂದು ಕಾಫಿ ಕುಡಿಯೋಣ್ವಾ?’ ಅಂದ.

ದರ್ಶಿನಿಯಲ್ಲಿ ಸ್ಟೀಲ್ ಟೇಬಲ್ ಮುಂದೆ ನಿಂತು ಬೆರಳಿನಲ್ಲಿ ತಟ್ಟಿ ತೋರಿಸಿದ. ತಕದಿಮಿ ತಕಿಟ ತಕದಿಮಿ. ನಾಲ್ಕು, ಮೂರು, ನಾಲ್ಕು. ಒಟ್ಟು ಹನ್ನೊಂದು. ‘ತಪ್ಪಿಲ್ಲ ಸಾರ್. ನೀವು ಎಂಟಕ್ಕೆ ಎಣಿಸಿದ್ರಿ ಅನ್ಸುತ್ತೆ.’

ನಿಜ ಹೇಳಬೇಕೆಂದರೆ ನಾನು ಎಣಿಸಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತ ಕೈ ಇದು. ಆದರೂ ಗಿಟಾರ್ ಜೋರಾಗಿ ಬಂದ ಕೂಡಲೇ ತಾಳ ಹಾಕುವುದನ್ನೇ ಮರೆತಿದ್ದೆ. ಮುಂದಿನ ವಾರ ತಿದ್ದುಪಡಿ ಬರೆದೆ. ಆದರೆ ವಿಮರ್ಶೆ ಓದಿದವರೆಲ್ಲ ತಿದ್ದುಪಡಿಯನ್ನೂ ಓದುವುದಿಲ್ಲ, ಅಲ್ವಾ? ಆ ಹುಡುಗನ ಬಗ್ಗೆ ನಾನು ಬರೆದ ಸುಳ್ಳು ಎಷ್ಟೋ ಜನರ ತಲೆಯಲ್ಲಿ ಹಾಗೇ ಉಳಿಯಿತು. ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಅಂದಿನಿಂದ ಪ್ರೊಗ್, ಅಂದರೆ ಪ್ರೊಗ್ರೆಸಿವ್ ಆಲ್ಬಮ್ ಬಂದರೆ ಮೊದಲು ಕೈ ಖಾಲಿ ಇಟ್ಟುಕೊಂಡು ಕೂರುತ್ತೇನೆ. ಪೆನ್ನು ಆಮೇಲೆ.

ಎಣಿಸುವುದರಿಂದ ಏನು ಸಿಗುತ್ತದೆ ಅಂತ ಹೊಸಬರು ಕೇಳುತ್ತಾರೆ. ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ ಎಲ್ಲರೂ ಕೇಳಿರುವ ಆಲ್ಬಮ್. ಅದರಲ್ಲಿ ‘ಮನಿ’ ಹಾಡು ಇದೆ. ಶುರುವಿನ ನಾಣ್ಯದ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು, ಆಮೇಲೆ ಬರುವ ಬೇಸ್ ಗಿಟಾರ್, ಎಲ್ಲ ಏಳರ ಎಣಿಕೆಯಲ್ಲಿ ಸುತ್ತುತ್ತವೆ. ಸ್ಯಾಕ್ಸೊಫೋನ್ ಸೋಲೊ ಕೂಡ ಏಳರಲ್ಲೇ. ಡೇವಿಡ್ ಗಿಲ್ಮರ್ ಗಿಟಾರ್ ಸೋಲೊ ಶುರುವಾದ ಕೂಡಲೇ ಎಣಿಕೆ ನಾಲ್ಕಕ್ಕೆ ಬದಲಾಗುತ್ತದೆ. ಆ ಜಾಗದಲ್ಲಿ ಎಲ್ಲರಿಗೂ ಏನೋ ಬಿಡುಗಡೆ ಆದ ಹಾಗೆ ಅನಿಸುತ್ತದೆ. ಕುಂಟುತ್ತಿದ್ದ ಗಾಡಿ ಹೈವೇಗೆ ಬಂದ ಹಾಗೆ. ಆ ಅನುಭವ ಎಲ್ಲ ಕೇಳುಗರದ್ದು. ಅದು ಎಲ್ಲಿಂದ ಬಂತು ಅಂತ ಹೇಳಬಲ್ಲವನು ಎಣಿಸಿದವನು. ಸುಮ್ನೆ ‘ಸೋಲೊ ಅದ್ಭುತ’ ಅಂದರೆ ಓದುಗನಿಗೆ ಏನೂ ಕೊಟ್ಟ ಹಾಗಾಗಲಿಲ್ಲ. ‘ಏಳರಿಂದ ನಾಲ್ಕಕ್ಕೆ ಜಾರುವ ಆ ಕ್ಷಣ ಕೇಳಿ’ ಅಂದರೆ ಆತ ಹಾಡನ್ನು ಮತ್ತೆ ಹಾಕಿಕೊಂಡು ಕೇಳುತ್ತಾನೆ.

ಈ ವಿಷಯದಲ್ಲಿ ಕರ್ನಾಟಕ ಸಂಗೀತದ ಸೊಲ್ಲುಕಟ್ಟು (ತಾಳವನ್ನು ಬಾಯಲ್ಲಿ ಹೇಳುವ ಕ್ರಮ) ಗೊತ್ತಿರುವವರಿಗೆ ದಾರಿ ಸಲೀಸು. ಟೂಲ್ ಬ್ಯಾಂಡ್‌ನ ‘ಸ್ಕಿಸಮ್’ ಹಾಡಿನ ಮುಖ್ಯ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರದ ತುಣುಕು) ಐದು ಮತ್ತು ಏಳರ ಜೋಡಿ. ತಕ ತಕಿಟ, ತಕಿಟ ತಕದಿಮಿ. ಬಾಯಲ್ಲಿ ಹೇಳಿಕೊಂಡು ಕೇಳಿ, ಎರಡು ನಿಮಿಷದಲ್ಲಿ ಒಳಗೆ ಇಳಿಯುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಉದಾಹರಣೆ ಸ್ವೀಡನ್ನಿನ ಮೆಶುಗ್ಗಾ ಬ್ಯಾಂಡ್‌ನದು. 2002ರ ‘ನಥಿಂಗ್’ ಆಲ್ಬಮ್‌ನಲ್ಲಿ ‘ರ‍್ಯಾಷನಲ್ ಗೇಜ್’ ಅಂತ ಒಂದು ಹಾಡಿದೆ. ಮೊದಲ ಸಲ ಕೇಳಿದವರಿಗೆ ಗಿಟಾರ್ ಒಂದು ಕಡೆ, ಡ್ರಮ್ಸ್ ಒಂದು ಕಡೆ ಹೋಗುತ್ತಿವೆ ಅನಿಸುತ್ತದೆ. ಗಮನವಿಟ್ಟು ಕೇಳಿ. ಡ್ರಮ್ಮರ್ ಟೋಮಸ್ ಹಾಕೆಯ ಕೈಗಳು ಸಿಂಬಲ್ ಮತ್ತು ಸ್ನೇರ್ ಮೇಲೆ ನೇರವಾಗಿ ನಾಲ್ಕರ ಲೆಕ್ಕ ಹಿಡಿದಿವೆ. ಕಾಲಿನ ಕಿಕ್ ಡ್ರಮ್ ಮಾತ್ರ ಗಿಟಾರ್ ಜೊತೆ ಹೋಗುತ್ತದೆ. ಆ ರಿಫ್‌ನ ಉದ್ದ ಇಪ್ಪತ್ತೈದು ಸಣ್ಣ ಮಾತ್ರೆ (ಒಂದು ಎಣಿಕೆಗೆ ಇಂಥ ನಾಲ್ಕು). ಐದು ಸಲ ನುಡಿಸಿದರೆ 125. ಎಂಟು ಆವರ್ತ ನಾಲ್ಕರ ಲೆಕ್ಕಕ್ಕೆ ಬೇಕಾದ್ದು 128. ಉಳಿದ ಮೂರನ್ನು ಕೊನೆಗೆ ಸೇರಿಸಿ ಎಲ್ಲರೂ ಒಟ್ಟಿಗೆ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಬೀಳುತ್ತಾರೆ. ಕಛೇರಿಯ ತನಿ ಆವರ್ತನದಲ್ಲಿ (ಮೃದಂಗದ ಸರದಿ) ಕೋರ್ವೆ, ಅಂದರೆ ಕೊನೆಯ ಲಯದ ಕಟ್ಟು, ಮುಗಿದು ಸಮ ಸಿಕ್ಕಾಗ ಸಭೆಯಲ್ಲಿ ತಲೆಗಳು ಒಟ್ಟಿಗೆ ಆಡುತ್ತವಲ್ಲ, ಅದೇ ಸುಖ ಇಲ್ಲಿಯೂ ಸಿಗುತ್ತದೆ. ಅವರು ನಮ್ಮಿಂದ ಕಲಿತರು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಿವಿಗೆ ಇದನ್ನು ಹಿಡಿಯುವ ತಯಾರಿ ಮೊದಲೇ ಇದೆ, ಅದನ್ನು ಬಳಸಿಕೊಳ್ಳಿ ಅಂತಷ್ಟೇ.

ಇದೇ ‘ನಥಿಂಗ್’ ಇನ್ನೊಂದು ಪಾಠ ಕಲಿಸಿತು. 2006ರಲ್ಲಿ ಬ್ಯಾಂಡ್ ಆ ಆಲ್ಬಮ್‌ನ ರಿದಮ್ ಗಿಟಾರ್‌ಗಳನ್ನು ಎಂಟು ತಂತಿಯ ಗಿಟಾರ್‌ನಲ್ಲಿ ಮತ್ತೆ ನುಡಿಸಿ ಬಿಡುಗಡೆ ಮಾಡಿತು. ಹೆಸರು ಒಂದೇ, ಕೇಳಿಸುವುದು ಬೇರೆ. ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಮ್ ಕೂಡ ಹಾಗೆಯೇ. ಅದನ್ನು 2009ರಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಮತ್ತು ಆ ಬ್ಯಾಂಡ್‌ನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಹೊಸದಾಗಿ ಮಿಕ್ಸ್ ಮಾಡಿದರು. ನೀವು ಯಾವುದನ್ನು ಕೇಳಿ ಬರೆದಿರಿ ಅಂತ ಓದುಗನಿಗೆ ಹೇಳಬೇಕು. ಒಂದು ಸಾಲು ಸಾಕು.

ಇನ್ನು ಸದ್ದಿನ ವಿಷಯ. ಮೆಟಲ್ ಅಂದರೆ ಜೋರು, ಸರಿ. ಆದರೆ ಜೋರಿನಲ್ಲಿ ಎರಡು ಬಗೆ. ಒಂದು ನೀವು ವಾಲ್ಯೂಮ್ ಏರಿಸಿದಾಗ ಬರುವುದು. ಇನ್ನೊಂದು ಮಾಸ್ಟರಿಂಗ್‌ನಲ್ಲೇ (ಬಿಡುಗಡೆಗೆ ಮೊದಲು ಸದ್ದನ್ನು ಹದ ಮಾಡುವ ಕೊನೆಯ ಹಂತ) ಒತ್ತಿ ತುಂಬಿದ್ದು. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಎರಡನೆಯ ಬಗೆಗೆ ಹೆಸರಾದ ಆಲ್ಬಮ್. ಸಣ್ಣ ಸದ್ದನ್ನೂ ದೊಡ್ಡ ಸದ್ದಿನ ಮಟ್ಟಕ್ಕೆ ತಂದು, ಅಲೆಯ ತುದಿಗಳನ್ನು ಕತ್ತರಿಸಿದ್ದರಿಂದ ಡ್ರಮ್ಸ್ ಹೊಡೆತ ಹರಿದ ಹಾಗೆ ಕೇಳಿಸುತ್ತದೆ. ‘ಗಿಟಾರ್ ಹೀರೊ’ ವಿಡಿಯೊ ಆಟಕ್ಕಾಗಿ ಕೊಟ್ಟ ಅದೇ ಹಾಡುಗಳಲ್ಲಿ ಈ ಒತ್ತಡ ಕಡಿಮೆ ಇತ್ತು. ಅಭಿಮಾನಿಗಳು ಎರಡನ್ನೂ ಹೋಲಿಸಿ ದೂರಿದರು. ನಾನು ಅವರ ಪರ. ಇಂಥ ಆಲ್ಬಮ್ ಅನ್ನು ಮೂರು ಹಾಡು ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಆಗ ನಾಲ್ಕನೇ ಹಾಡು ಚೆನ್ನಾಗಿಲ್ಲ ಅಂತ ಬರೆದುಬಿಡುವ ಅಪಾಯ ಇದೆ. ಹಾಗಾಗಿ ನಾನು ಮಾರನೇ ದಿನ ನಾಲ್ಕನೇ ಹಾಡಿನಿಂದಲೇ ಶುರು ಮಾಡುತ್ತೇನೆ.

ಅದೇ ಬ್ಯಾಂಡ್‌ನ 1988ರ ‘...ಆಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಕಷ್ಟ ಬೇರೆ. ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ವರ್ಷಗಟ್ಟಲೆ ಆ ಆಲ್ಬಮ್‌ನ ಒಣ ಸದ್ದೇ ನನಗೆ ಅದರಲ್ಲಿನ ‘ಒನ್’ ಹಾಡು ಆಗಿತ್ತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಅದನ್ನು ನುಡಿಸಿದಾಗ ಬೇಸ್ ಎದೆಗೆ ಬಂದು ಬಡಿಯಿತು. ಹಾಡು ಒಳ್ಳೆಯದೋ, ರೆಕಾರ್ಡಿಂಗ್ ಒಳ್ಳೆಯದೋ, ಎರಡನ್ನೂ ಬೇರೆ ಬೇರೆ ಕೇಳಿಕೊಳ್ಳಬೇಕು ಅಂತ ಆ ರಾತ್ರಿ ಗೊತ್ತಾಯಿತು.

ಉದ್ದ ಹಾಡುಗಳಿಗೆ ನಾನು ಯಾವ ನಿಮಿಷದಲ್ಲಿ ಏನಾಗುತ್ತದೆ ಅಂತ ಪಟ್ಟಿ ಬರೆದುಕೊಳ್ಳುತ್ತೇನೆ. ಯೆಸ್ ಬ್ಯಾಂಡ್‌ನ ‘ಕ್ಲೋಸ್ ಟು ದ ಎಡ್ಜ್’, 1972, ಹದಿನೆಂಟು ನಿಮಿಷಕ್ಕೂ ಜಾಸ್ತಿ. ಎಲ್‌ಪಿಯ ಒಂದು ಇಡೀ ಮಗ್ಗುಲು. ಹಕ್ಕಿ, ನೀರಿನ ಸದ್ದು, ಆಮೇಲೆ ಇಡೀ ಬ್ಯಾಂಡ್ ಒಮ್ಮೆಲೇ ಮೇಲೆ ಬೀಳುತ್ತದೆ. ಎಂಟೂವರೆ ನಿಮಿಷದ ಹೊತ್ತಿಗೆ ಎಲ್ಲ ತಣ್ಣಗಾಗಿ ಹಾಡು ನಿಂತೇ ಹೋದ ಹಾಗಾಗುತ್ತದೆ, ಆಮೇಲೆ ಚರ್ಚ್ ಆರ್ಗನ್ ತುಂಬಿಕೊಂಡು ಬರುತ್ತದೆ. ಕೊನೆಯಲ್ಲಿ ಮೊದಲಿನ ರಾಗ ಮರಳುವಾಗ ಅದಕ್ಕೆ ಅಷ್ಟು ತೂಕ ಬರುವುದು ನಡುವಿನ ಆ ಮೌನದಿಂದ. ಅದು ಇಲ್ಲದಿದ್ದರೆ ಹದಿನೆಂಟು ನಿಮಿಷ ಬರೀ ಉದ್ದ. ಸಿಡಿ ಕಾಲದಲ್ಲಿ ಎಪ್ಪತ್ತು ನಿಮಿಷಕ್ಕೂ ಮೇಲೆ ಜಾಗ ಸಿಕ್ಕಿದ ಮೇಲೆ ಬಂದ ಎಷ್ಟೋ ಪ್ರೊಗ್ ಆಲ್ಬಮ್‌ಗಳಿಗೆ ಹೀಗೆ ಪಟ್ಟಿ ಬರೆದರೆ ಇಪ್ಪತ್ತು ನಿಮಿಷ ಕತ್ತರಿಸಬಹುದಿತ್ತು ಅನಿಸುತ್ತದೆ. ಅದನ್ನು ಬರೆಯಲು ಹಿಂಜರಿಯಬೇಡಿ, ಎಲ್ಲಿ ಕತ್ತರಿಸುತ್ತಿದ್ದಿರಿ ಅಂತ ಮಾತ್ರ ತೋರಿಸಿ.

ಗ್ರೌಲ್ (ಗುರುಗುಟ್ಟುವ ದನಿಯ ಹಾಡುಗಾರಿಕೆ) ಬಗ್ಗೆಯೂ ಎರಡು ಮಾತು. ಓಪೆತ್ ಬ್ಯಾಂಡ್‌ನ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ 2008ರ ನಂತರದ ಆಲ್ಬಮ್‌ಗಳಲ್ಲಿ ಗ್ರೌಲ್ ಬಿಟ್ಟರು, 2024ರ ಆಲ್ಬಮ್‌ನಲ್ಲಿ ಮತ್ತೆ ತಂದರು. ನಡುವಿನ ಹದಿನಾರು ವರ್ಷದಲ್ಲಿ ಅವರ ಬಗ್ಗೆ ಬಂದ ಎಷ್ಟೋ ಬರಹಗಳಲ್ಲಿ ‘ಗ್ರೌಲ್ ಇಲ್ಲ’ ಅನ್ನುವುದೇ ದೊಡ್ಡ ದೂರು. ಇಲ್ಲದ್ದನ್ನು ಹುಡುಕುತ್ತಾ ಇರುವುದನ್ನು ಕೇಳದೆ ಹೋದರು.

ಇದು ನಮ್ಮ ಊರಿನ ಬ್ಯಾಂಡ್‌ಗಳಿಗೂ ಆಗುತ್ತದೆ. ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಶುರುವಾದ ಬ್ಯಾಂಡ್. ಎಂಬತ್ತರ ದಶಕದ ಹೆವಿ ಮೆಟಲ್ ಅವರ ನೆಲೆ. ಪ್ರೊಗ್ ಕೇಳಿ ಬೆಳೆದ ಹುಡುಗನೊಬ್ಬ ಅವರ 2019ರ ‘ಆಫ್ಟರ್‌ಬರ್ನರ್’ ಬಗ್ಗೆ ಬರೆದು ನನಗೆ ಕಳಿಸಿದ್ದ. ‘ಹೊಸತನ ಇಲ್ಲ, ಎಲ್ಲ ನಾಲ್ಕರ ತಾಳ’ ಅಂತಿತ್ತು. ಅವನನ್ನು ಕೂರಿಸಿಕೊಂಡು ಒಟ್ಟಿಗೆ ಕೇಳಿದೆ. ಎರಡು ಗಿಟಾರ್‌ಗಳು ಜೋಡಿಯಾಗಿ ಒಂದೇ ರಾಗವನ್ನು ಬೇರೆ ಬೇರೆ ಸ್ವರದಲ್ಲಿ ಹೇಗೆ ಹಿಡಿದುಕೊಂಡು ಹೋಗುತ್ತವೆ, ರಿಫ್ ಎಲ್ಲಿ ಒಂದು ಕ್ಷಣ ಉಸಿರು ಹಿಡಿದು ಮತ್ತೆ ಹೊರಡುತ್ತದೆ, ಒರಟು ದನಿ ಡ್ರಮ್ಸ್ ಹೊಡೆತದ ಮೇಲೆ ಹೇಗೆ ಕೂರುತ್ತದೆ, ಒಂದೊಂದಾಗಿ ಬೆರಳು ಮಾಡಿ ತೋರಿಸಿದೆ. ಮೂರನೇ ಸಲ ಹಾಕಿದಾಗ ಅವನೇ ಪ್ಲೇಯರ್ ನಿಲ್ಲಿಸಿ, ‘ಇಲ್ಲಿ ಎರಡನೇ ಗಿಟಾರ್ ಒಂದು ಮೆಟ್ಟಿಲು ಕೆಳಗೆ ಇಳೀತು ಅಲ್ವಾ ಸಾರ್?’ ಅಂದ. ಅವನು ಬರೆದ ವಿಮರ್ಶೆಯನ್ನು ಅವನ ಕೈಗೇ ವಾಪಸ್ ಕೊಟ್ಟೆ.